ಅವನೋ, ಅವಳೋ, ಅವರೋ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಪರಪ್ರಾಂತದ ಉಪಾಧ್ಯಾಯರು ಬಂದು, ಹತ್ತು ತಿಂಗಳ ಶಿಕ್ಷಣದಲ್ಲಿ ಕನ್ನಡವನ್ನು ಕಲಿತು ಹೋಗಿದ್ದಾರೆ. ಹಿಂದೀ ನಾಡಿನಿಂದ ಬಂದವರಿಗೆ ಕನ್ನಡದ ಮೊದಲ ಪಾಠ ಹಗುರವೆನಿಸುವುದು ಸಹಜ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲು ಗಂಡಸು ‘ಜಾತಾ ಹೂಂ’ ಎನ್ನಬೇಕು, ಹೆಂಗಸು ‘ಜಾತೀ ಹೂಂ’ ಎನ್ನಬೇಕು. ಕನ್ನಡದಲ್ಲಿಯಾದರೋ ‘ನಾನು’, ‘ನೀನು’ ಎಂಬಲ್ಲಿ ಕ್ರಿಯಾಪದವು ಲಿಂಗವನ್ನು ವಿಚಾರಿಸುವುದೇ ಇಲ್ಲ. ಆದರೆ ಮೂರನೆಯವರ ಮಾತು ಬಂದೊಡನೆ ತಬ್ಬಿಬ್ಬಾಗುವ ಸರದಿ ಬಂಗಾಳದವರದು. ಅವರ ‘ಶೇ’ ಎಂಬ ಒಂದೇ ಸರ್ವನಾಮ ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಇಲ್ಲಿ ಬಂದನು, ಬಂದಳು, ಬಂದಿತು ಎಂದು ದಾರಿ ಮೂರಾಗಿ ಒಡೆಯುತ್ತದೆ.

ಆ ಮೂರು ದಾರಿಗಳು ವ್ಯಾಕರಣ ಹಾಕಿಕೊಟ್ಟವು. ಅದರಲ್ಲಿ ಯಾರ ತಪ್ಪೂ ಇಲ್ಲ. ತೊಡಕಿರುವುದು ಉದಾಹರಣೆಗಳಲ್ಲಿ. ‘ರಾಮನು ಶಾಲೆಗೆ ಹೋದನು, ಸೀತೆಯು ಅಡಿಗೆ ಮಾಡಿದಳು’ ಎಂಬಂಥ ವಾಕ್ಯವನ್ನು ಹತ್ತು ಸಲ ಬರೆದವರು ಎರಡು ಪ್ರತ್ಯಯಗಳನ್ನು ಮಾತ್ರವಲ್ಲ, ಹೊಸಿಲಿನ ಯಾವ ಕಡೆ ಯಾರಿರಬೇಕೆಂಬುದನ್ನೂ ಕಲಿತಿರುತ್ತಾರೆ. ಸೀತೆ ಶಾಲೆಗೆ ಹೋಗಿ ರಾಮ ಒಲೆ ಹಚ್ಚಿದರೆ ವ್ಯಾಕರಣಕ್ಕೆ ಎಳ್ಳಷ್ಟೂ ಕುಂದಿಲ್ಲ.

ಪದವಿಗಳ ಹೆಸರುಗಳಲ್ಲಿ ಬೇರೊಂದು ಚರ್ಚೆಯುಂಟು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಶ್ರಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಕವಿಯೋ, ಕವಯಿತ್ರಿಯೋ? 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಆ ಪೀಠವನ್ನೇರಿದ ಪ್ರಥಮ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರೋ, ಅಧ್ಯಕ್ಷೆಯೋ? ಸ್ತ್ರೀಲಿಂಗದ ಪ್ರತ್ಯೇಕ ಪದ ಕೆಲವರಿಗೆ ಮನ್ನಣೆ, ಕೆಲವರಿಗೆ ಪಂಕ್ತಿಭೇದ. 2007ರಲ್ಲಿ ಪ್ರತಿಭಾ ಪಾಟೀಲರು ರಾಷ್ಟ್ರಪತಿಗಳಾದಾಗ ‘ಪತಿ’ ಎಂಬ ಪದದ ಬಗೆಗೂ ಚರ್ಚೆ ನಡೆಯಿತು. ಪದ ಮಾತ್ರ ಬದಲಾಗಲಿಲ್ಲ.

ಇಂಥ ಇಕ್ಕಟ್ಟಿಗೆ ಕನ್ನಡದಲ್ಲಿ ಹಳೆಯದೊಂದು ಪರಿಹಾರವಿದೆ: ‘ಅವರು’. ಒಬ್ಬರನ್ನು ಕುರಿತು ‘ದೇ’ ಎನ್ನಬಹುದೇ ಎಂದು ಇಂಗ್ಲಿಷಿನವರು ವಾದಿಸುತ್ತಿರುವಾಗ, ಕನ್ನಡಿಗರು ‘ಅವರು ಬಂದರು’ ಎಂದು ನಿರಾಯಾಸವಾಗಿ ಹೇಳುತ್ತಾರೆ. ಗಂಡು, ಹೆಣ್ಣು ಇಬ್ಬರೂ ಅದರಲ್ಲಿ ಅಡಕ. ತೃತೀಯ ಲಿಂಗದವರೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಾನ್ಯ ಮಾಡಿದವರಿಗೂ ಅಲ್ಲಿ ಸ್ಥಳವಿದೆ.

ಆದರೆ ‘ಅವರು’ ಗೌರವದ ಮಾತು. ಆದ್ದರಿಂದಲೇ ಅದು ಎಲ್ಲರ ಪಾಲಿಗೂ ಸಮನಾಗಿ ಬರುವುದಿಲ್ಲ. ‘ಡಾಕ್ಟರು ಬಂದರು’ ಎಂದ ಬಾಯಿಯೇ ‘ಕೆಲಸದವಳು ಬಂದಳು’ ಎನ್ನುತ್ತದೆ. ಡಾಕ್ಟರು ಹೆಂಗಸಾದರೂ ‘ಬಂದರು’. ಪಾತ್ರೆ ತೊಳೆಯುವಾಕೆಗೆ ವಯಸ್ಸು ಎಪ್ಪತ್ತಾದರೂ ‘ಬಂದಳು’. ಲಿಂಗಭೇದವೆಂದು ತೋರುವುದರ ಹಿಂದೆ ಅಂತಸ್ತಿನ ಭೇದ ಅಡಗಿ ಕುಳಿತಿದೆ. ವ್ಯಾಕರಣದ ಪುಸ್ತಕ ಇದನ್ನು ಹೇಳುವುದಿಲ್ಲ; ಕಲಿಯುವವರು ಕಿವಿಯಿಂದಲೇ ಹಿಡಿದುಕೊಳ್ಳುತ್ತಾರೆ.

ಹೊಸದಾಗಿ ಕನ್ನಡ ಕಲಿಯುತ್ತಿರುವವರೊಬ್ಬರು ದೇವರಾಜ ಮಾರುಕಟ್ಟೆಗೆ ಹೋಗಿ, ಹೂ ಕಟ್ಟುವ ಮುದುಕಿಯನ್ನು ‘ನೀವು’ ಎಂದೇ ಮಾತನಾಡಿಸಿ ಎರಡು ಮೊಳ ಮಲ್ಲಿಗೆ ಕೊಳ್ಳುತ್ತಾರೆನ್ನಿ. ತರಗತಿಗೆ ಮರಳಿ ‘ಅವಳು ಬೆಲೆ ಹೆಚ್ಚು ಹೇಳಿದಳು’ ಎಂದು ವರದಿ ಒಪ್ಪಿಸಿದರೆ ವಾಕ್ಯದಲ್ಲಿ ವ್ಯಾಕರಣದೋಷ ಒಂದೂ ಇಲ್ಲ, ಪೂರ್ಣಾಂಕ ಕೊಡಬಹುದು. ಆದರೂ ಒಂದು ಕ್ಷಣ ತಡೆದು, ‘ಅವರು ಹೇಳಿದರು’ ಎಂದು ತಿದ್ದುವ ಉಪಾಧ್ಯಾಯರೇ ಆ ದಿನ ಕನ್ನಡವನ್ನು ಸರಿಯಾಗಿ ಕಲಿಸಿದವರು.