ಅಪ್ಪನ ಜರ್ಮನ್, ನನ್ನ ಫ್ರೆಂಚ್

ನಮ್ಮ ಅಣ್ಣನ ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ತಿಂಗಳು ಒಂದು ಭಾನುವಾರ ಭದ್ರಾವತಿಯ ಜನ್ನಾಪುರದ ಮನೆಗೆ ಬಂದವಳು ಚೀಲದಿಂದ ಅರ್ಜಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಅವರ ಕಾಲೇಜಿನಲ್ಲಿ ಸಂಜೆ ಹೊತ್ತು ವಿದೇಶಿ ಭಾಷೆಯ ತರಗತಿ ಶುರುವಾಗಲಿದೆಯಂತೆ. ಜರ್ಮನ್ ಅಥವಾ ಜಪಾನಿ, ಎರಡರಲ್ಲೊಂದಕ್ಕೆ ಗುರುತು ಹಾಕಿ ಬುಧವಾರದೊಳಗೆ ಕೊಡಬೇಕು.

"ಅತ್ತೆ, ನೀವು ಫ್ರೆಂಚ್ ಓದಿದವರು. ಯಾವುದು ತಗೊಳ್ಳಲಿ, ನೀವೇ ಹೇಳಿ" ಎಂದಳು.

ಫ್ರೆಂಚ್ ಓದಿದವಳು! ಅಂಕಪಟ್ಟಿಯಲ್ಲಿ ಹಾಗೆ ಇರುವುದು ನಿಜ. ನೂರಕ್ಕೆ ಎಂಬತ್ತೆರಡು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ದುಡಿದೆ. ಅಷ್ಟು ವರ್ಷಗಳಲ್ಲಿ ಆ ಫ್ರೆಂಚ್ ಉಪಯೋಗಕ್ಕೆ ಬಂದದ್ದು ಒಂದೇ ಸಲ, ಯಾರೋ ಕೊಟ್ಟ ಸೆಂಟಿನ ಬಾಟಲಿಯ ಚೀಟಿ ಓದುವುದಕ್ಕೆ.

ನಾನು ಪಿ.ಯು.ಸಿ.ಗೆ ಸೇರಿದ್ದು 1983ರಲ್ಲಿ. ಹಿಂದಿನ ವರ್ಷವಷ್ಟೇ ಗೋಕಾಕ್ ಚಳವಳಿ ನಡೆದಿತ್ತು. ಭಾಷೆಯ ಮಾತು ಎಲ್ಲರ ಬಾಯಲ್ಲೂ ಇದ್ದ ಕಾಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲಿನಲ್ಲಿ ಓಡಾಟ. ಅರ್ಜಿ ತರಲು ಹೊರಟ ದಿನ ಅಪ್ಪ ಸೈಕಲ್ ಒರೆಸುತ್ತಾ, ತಲೆ ಎತ್ತದೆ, "ಜರ್ಮನ್ ಇದೆಯಾ ಅಂತ ಒಂದು ಮಾತು ಕೇಳು ಪುಟ್ಟಿ" ಎಂದರು. ನಾನು ಕೇಳಿಯೂ ಕೇಳಿದೆ. ಅಲ್ಲಿದ್ದದ್ದು ಕನ್ನಡ, ಸಂಸ್ಕೃತ, ಹಿಂದಿ, ಉರ್ದು. ಕಿಟಕಿಯಾಚೆ ಕುಳಿತಿದ್ದ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಜರ್ಮನ್ ಪಾತ್ರೆ ಬೇಕಾದರೆ ಗಾಂಧಿ ಬಜಾರಿನಲ್ಲಿ ಸಿಗುತ್ತಮ್ಮ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಮಾನವಾಗಿ ಸಂಸ್ಕೃತಕ್ಕೆ ಗುರುತು ಹಾಕಿ ಬಂದೆ. ಸಂಸ್ಕೃತದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆಯಬಹುದು, ಅಂಕವೂ ಧಾರಾಳ ಎನ್ನುವುದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಅಪ್ಪನಿಗೆ ಜರ್ಮನ್ ಯಾಕೆ ಬೇಕಿತ್ತು ಎಂದು ಆಗ ನಾನು ಕೇಳಲಿಲ್ಲ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. 1923ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಆ ಕಾರ್ಖಾನೆ ಮೊದಮೊದಲು ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿತ್ತು. ಅಪ್ಪನ ಕಾಲಕ್ಕೆ ಉಕ್ಕು ಮಾಡುವ ಎಲ್.ಡಿ. ವಿಭಾಗ ಬಂದಿತ್ತು. "ಎಲ್.ಡಿ.ಯಲ್ಲಿ ಈ ವಾರ ರಾತ್ರಿ ಪಾಳಿ" ಎಂದು ಅಪ್ಪ ಅಮ್ಮನಿಗೆ ಹೇಳಿದಾಗಲೆಲ್ಲ ಎಲ್.ಡಿ. ಎಂದರೆ ಯಾರೋ ಕಟ್ಟುನಿಟ್ಟಿನ ಇಂಜಿನಿಯರರ ಇನಿಷಿಯಲ್ ಎಂದೇ ನಾನು ತಿಳಿದಿದ್ದೆ. ಅದು ಲಿಂಟ್ಸ್ ಮತ್ತು ಡೋನಾವಿಟ್ಸ್, ಆಸ್ಟ್ರಿಯಾ ದೇಶದ ಎರಡು ಊರುಗಳ ಹೆಸರು ಎಂದು ತಿಳಿದದ್ದು ಬಹಳ ತಡವಾಗಿ. ಕರಗಿದ ಕಬ್ಬಿಣದ ಮೇಲೆ, ನೀರಿನಿಂದ ತಂಪಾಗಿಟ್ಟ ಕೊಳವೆಯಲ್ಲಿ ಆಮ್ಲಜನಕ ಊದಿ ಉಕ್ಕು ಮಾಡುವ ವಿಧಾನ 1952–53ರಲ್ಲಿ ಆ ಊರುಗಳಲ್ಲಿ ಮೊದಲು ಬಳಕೆಗೆ ಬಂತು. ಅಲ್ಲಿಯವರ ಮಾತು ಜರ್ಮನ್. ಆ ಕಾಲದ ಉಕ್ಕಿನ ಕಾರ್ಖಾನೆಗಳಿಗೆ ಒಂದೊಂದು ಭಾಷೆ ಇತ್ತು ಅನ್ನಿ. ಭಿಲಾಯಿಗೆ ರಷ್ಯದವರು, ದುರ್ಗಾಪುರಕ್ಕೆ ಇಂಗ್ಲೆಂಡಿನವರು, ರೂರ್ಕೆಲಕ್ಕೆ ಜರ್ಮನ್ನರು ನೆರವಾಗಿದ್ದರು. ಮಾತು ಕಲಿತ ಇಂಜಿನಿಯರರು ವಿಮಾನ ಹತ್ತಿದರು. ಫಿಟ್ಟರುಗಳಿಗೆ ಸಿಕ್ಕಿದ್ದು ಯಂತ್ರದ ಮೇಲಿನ ಫಲಕ.

1985ರಲ್ಲಿ ಬೆಂಗಳೂರಿನ ಸೋದರಮಾವನ ಮನೆಯಲ್ಲಿದ್ದು ಬಿ.ಕಾಂ. ಸೇರಿದೆ. ಆ ಕಾಲೇಜಿನಲ್ಲಿ ಫ್ರೆಂಚ್ ಇತ್ತು, ಜರ್ಮನ್ನೂ ಇತ್ತು! ಮಾವನ ಮಗಳು ಮಾತ್ರ, "ಜರ್ಮನ್ನಿನಲ್ಲಿ ಮೇಜಿಗೂ ಗಂಡು ಹೆಣ್ಣು ಅಂತ ಇದೆ ಕಣೆ, ಫೇಲಾಗ್ತೀಯ. ಫ್ರೆಂಚ್ ತಗೋ, ಎಂಬತ್ತು ಗ್ಯಾರಂಟಿ" ಎಂದಳು. ಮೇಜಿಗೆ ಲಿಂಗ ಫ್ರೆಂಚಿನಲ್ಲೂ ಇದೆ ಎಂದು ತಿಳಿಯುವಷ್ಟರಲ್ಲಿ ಶುಲ್ಕ ಕಟ್ಟಿಯಾಗಿತ್ತು. ದಸರಾ ರಜೆಗೆ ಊರಿಗೆ ಹೋದಾಗ ಹೆದರುತ್ತಲೇ ಅಪ್ಪನಿಗೆ ವಿಷಯ ತಿಳಿಸಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಆಗಲಿ ಬಿಡು, ಅದೂ ಒಂದು ಭಾಷೆಯೇ" ಎಂದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಸಂಬಳದ ಲೆಕ್ಕ ಬರೆಯುವ ಪುಟ್ಟ ಪುಸ್ತಕ ಸಿಕ್ಕಿತು. ಅದರ ಕೊನೆಯ ಎರಡೂವರೆ ಪುಟದಲ್ಲಿ ಲೆಕ್ಕ ಇರಲಿಲ್ಲ, ಪದಗಳಿದ್ದವು. ಯಂತ್ರಗಳ ಮೇಲಿದ್ದ ಜರ್ಮನ್ ಪದಗಳನ್ನು ಇಂಗ್ಲಿಷ್ ಎಂದೇ ಓದಿಕೊಂಡು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದರು. ಪಕ್ಕದಲ್ಲಿ ಅರ್ಥ.

ಆ ಭಾನುವಾರ ಅದನ್ನು ತೆಗೆದು ಹುಡುಗಿಯ ಕೈಗಿತ್ತೆ. ಅವಳು ಗಟ್ಟಿಯಾಗಿ ಓದತೊಡಗಿದಳು. "ಅಚ್‌ಟಂಗ್: ಕೈ ಹಾಕಬಾರದು. ಕುಲ್‌ವಾಸರ್: ತಂಪು ಮಾಡುವ ನೀರು, ನಿಂತರೆ ಓಡು. ಸೌರ್‌ಸ್ಟಾಫ್: ಆಕ್ಸಿಜನ್, ನಮ್ಮ ಸ್ಟಾಫ್ ಅಲ್ಲ." ನಗು ತಡೆಯಲಾರದೆ ಮೊಬೈಲಿನಲ್ಲಿ ಆ ಪದಗಳನ್ನು ಹುಡುಕಿ ಹಿಡಿದು ಉಚ್ಚಾರ ಕೇಳಿಸಿದಳು. ಆಖ್‌ಟುಂಗ್. ಕ್ಯೂಲ್‌ವಾಸರ್. ಅರ್ಥವೆಲ್ಲ ಸರಿಯಾಗಿಯೇ ಇತ್ತು. "ನಿಂತರೆ ಓಡು" ಎನ್ನುವುದು ಯಾವ ನಿಘಂಟಿನಲ್ಲೂ ಸಿಗದು, ಆದರೆ ಅದೂ ಸರಿಯೇ. ಜರ್ಮನಿಯಿಂದ ಬಂದ ಕಿಟೆಲ್ ಸಾಹೇಬರು ಕನ್ನಡಕ್ಕೆ ಮಹಾ ನಿಘಂಟನ್ನೇ ಕೊಟ್ಟರು, 1894ರಲ್ಲಿ. ಭದ್ರಾವತಿಯ ಫಿಟ್ಟರ್ ಒಬ್ಬರು ತಿರುಗಿ ಕೊಟ್ಟದ್ದು ಎರಡೂವರೆ ಪುಟ.

ಒಂದು ಪದದ ಬಳಿ ಹುಡುಗಿಯ ನಗು ನಿಂತಿತು. "ಔಫ್: ತೆರೆದಿದೆ ಎಂದರ್ಥ. ಇಂಗ್ಲಿಷಿನ ಆಫ್ ಅಲ್ಲ. ಎಚ್ಚರ." ಇದೊಂದೇ ಸಾಲು ಕೆಂಪು ಶಾಯಿಯಲ್ಲಿತ್ತು, ಕೆಳಗೆ ಎರಡು ಗೆರೆ. "ಅತ್ತೆ, ಇದಕ್ಯಾಕೆ ಕೆಂಪು?" ಎಂದು ಕೇಳಿದಳು. ಅಪ್ಪ ಹೇಳಿರಲಿಲ್ಲ. ಅವರಿದ್ದಾಗ ಆ ಪುಸ್ತಕವನ್ನು ನಾನು ಕಂಡೇ ಇರಲಿಲ್ಲ.

ಅರ್ಜಿಯ ವಿಷಯಕ್ಕೆ ಬಂದೆವು. ನರ್ಸ್ ಆಗಿ ಜರ್ಮನಿಗೆ ಹೋಗಬೇಕಾದರೆ ಭಾಷೆಯ ಆರು ಮೆಟ್ಟಿಲುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದನ್ನು, ಬಿ2 ಎನ್ನುವುದನ್ನು, ಹತ್ತಿರಬೇಕು. ಜಪಾನಿನಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ. ಅಲ್ಲಿಯೂ ಕೆಲಸವಿದೆ. ಅಲ್ಲಿನ ಲಿಪಿ ಒಂದಲ್ಲ, ಮೂರು. ಆದರೆ ಕ್ರಿಯಾಪದ ನಮ್ಮಲ್ಲಿಯ ಹಾಗೆ ವಾಕ್ಯದ ಕೊನೆಗೇ ಬರುತ್ತದೆ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. "ಜರ್ಮನ್ನಿನಲ್ಲಿ ಹುಡುಗಿ ಅನ್ನೋದು ನಪುಂಸಕ ಲಿಂಗವಂತೆ ಅತ್ತೆ!" ಎಂದು ಮುಖ ಗಂಟಿಕ್ಕಿದಳು. "ನಮ್ಮ ಕಡೆಯೂ 'ಹುಡುಗಿ ಬಂತು' ಅಂತಾರಲ್ಲೇ" ಎಂದೆ. ಅವಳು ಬಂದಾಗ ಅವರಜ್ಜಿ ಬಾಗಿಲಿನಿಂದಲೇ ಕೂಗುತ್ತಿದ್ದದ್ದು ಹಾಗೆಯೇ.

ಜರ್ಮನ್ ತಗೋ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಪ್ಪ ನನಗೆ ಒತ್ತಾಯ ಮಾಡಿರಲಿಲ್ಲ. ನನ್ನ ಸಾಲವನ್ನು ಈ ಮಗುವಿನ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ. "ಯಾವುದರಲ್ಲಿ ಅಂಕ ಜಾಸ್ತಿ ಅಂತ ಮಾತ್ರ ಯಾರನ್ನೂ ಕೇಳಬೇಡ" ಎಂದಷ್ಟೇ ಹೇಳಿದೆ. ಸಂಜೆಯ ಬಸ್ಸಿಗೆ ಹೊರಟಾಗ ಅಜ್ಜನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಬುಧವಾರ ರಾತ್ರಿ ಫೋನ್ ಬಂತು. "ಅತ್ತೆ, ಜಪಾನಿಗೆ ಗುರುತು ಹಾಕಿದೆ. ಬೇಜಾರಾಯ್ತಾ?"

"ಆಗಲಿ ಬಿಡು, ಅದೂ ಒಂದು ಭಾಷೆಯೇ" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರದೆಂದು ನೆನಪಾಗಿ ಸುಮ್ಮನಾದೆ.

"ಪುಸ್ತಕದಲ್ಲಿ ಒಂದು ಪದ ಇನ್ನೂ ಗೊತ್ತಾಗ್ತಿಲ್ಲ" ಎಂದಳು ಅವಳು. "ಅಜ್ಜ ಅರ್ಥದ ಜಾಗ ಖಾಲಿ ಬಿಟ್ಟಿದಾರೆ. ಭಾನುವಾರ ತರ್ತೀನಿ, ಇಬ್ಬರೂ ಕೂತು ನೋಡೋಣ."