ಶ್ವಾಸೋಚ್ಛ್ವಾಸವೂ ಪ್ರಾಣವೇ: ಮಳೆಗಾಲ, ಮನೆ ಮತ್ತು ಉಬ್ಬಸ

ನಮ್ಮ ಶಾಸ್ತ್ರಗಳು ಸಂಸಾರಿ ಜೀವಕ್ಕೆ ಹತ್ತು ದ್ರವ್ಯಪ್ರಾಣಗಳನ್ನು ಹೇಳಿವೆ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಷ್ಯ ಹಾಗೂ ಶ್ವಾಸೋಚ್ಛ್ವಾಸ. ಸಂಜ್ಞಿ ಪಂಚೇಂದ್ರಿಯ ಜೀವಕ್ಕೆ ಈ ಹತ್ತೂ ಉಂಟು. ಏಕೇಂದ್ರಿಯಕ್ಕೆ ನಾಲ್ಕು ಮಾತ್ರ. ಆ ನಾಲ್ಕರಲ್ಲಿಯೂ ಶ್ವಾಸೋಚ್ಛ್ವಾಸ ಸೇರಿದೆ. ಕಣ್ಣು, ಕಿವಿ, ಮಾತು, ಮನಸ್ಸು ಯಾವುದೂ ಇಲ್ಲದ ಜೀವಕ್ಕೂ ಉಸಿರುಂಟು. ಪ್ರಾಣಕ್ಕೆ ಪೀಡೆಯುಂಟುಮಾಡುವುದು ಹಿಂಸೆಯೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಸೋಸಿದ ನೀರು, ಸೂರ್ಯಾಸ್ತದೊಳಗಿನ ಊಟ, ಕಂದಮೂಲಗಳ ತ್ಯಾಗ ಇವುಗಳಲ್ಲಿ ಶ್ರಾವಕರು ತೋರುವ ಎಚ್ಚರ ಸ್ತುತ್ಯರ್ಹವಾದುದು. ಅದೇ ಎಚ್ಚರವು ಮನೆಯೊಳಗಿನ ಗಾಳಿಗೂ ವಿಸ್ತರಿಸಬೇಕೆಂಬುದು ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ವಾಣಿಜ್ಯ ಪದವಿ ಪಡೆದು, ಬೆಳಗಾವಿಯಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡು ಬಂದವನು. ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ಋತು ಬದಲಾದಾಗಲೆಲ್ಲ ಅವನಿಗೆ ಉಬ್ಬಸ ಕಾಣಿಸಿಕೊಳ್ಳುತ್ತದೆ. ನಮ್ಮ ಮಕ್ಕಳ ತಜ್ಞರು, ಯಾವ ದಿನ ಏನಾಯಿತೆಂಬುದನ್ನು ಬರೆದಿಡಿರೆಂದು ಸೂಚಿಸಿದರು. ಬರೆದಿಡುವುದು ವ್ಯಾಪಾರಿಗೆ ಹೊಸತಲ್ಲ. 2023ರ ಮುಂಗಾರಿನಿಂದ ಎರಡು ವರ್ಷ ಒಂದು ಕೀರ್ದಿ ಪುಸ್ತಕದಲ್ಲಿ ತಾರೀಖು, ಮಳೆ-ಚಳಿ, ಮನೆಯಲ್ಲಿ ನಡೆದ ಕೆಲಸ, ಹುಡುಗನ ಉಸಿರಾಟ ಇವನ್ನು ನಮೂದಿಸುತ್ತ ಬಂದೆನು. ವರ್ಷಾಂತ್ಯದಲ್ಲಿ ಖತಾವಣಿ ಮಾಡಿ ನೋಡಿದಾಗ ತೊಂದರೆಯ ದಿನಗಳು ಹೆಚ್ಚಾಗಿ ಮೂರು ಕಾಲಗಳಲ್ಲಿ ಗುಂಪುಗೂಡಿದ್ದವು: ಮೊದಲ ಮಳೆಯ ವಾರಗಳು, ಶ್ರಾವಣ-ಭಾದ್ರಪದದ ಜಡಿಮಳೆ, ಮತ್ತು ದೀಪಾವಳಿಯ ಆಸುಪಾಸಿನ ಚಳಿ.

ಇದಕ್ಕೆ ಕಾರಣಗಳುಂಟು. ಉಬ್ಬಸದವರ ಶ್ವಾಸನಾಳದ ಒಳಪದರವು ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ. ಒಗ್ಗದ ವಸ್ತು ಒಳಹೊಕ್ಕಾಗ ನಾಳದ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಕಫ ಹೆಚ್ಚುತ್ತದೆ, ಉಸಿರು ಹೊರಹೋಗುವ ದಾರಿ ಕಿರಿದಾಗುತ್ತದೆ. ಶೀತಲವಾದ ಒಣ ಗಾಳಿಯೂ ಇದನ್ನು ಕೆರಳಿಸಬಲ್ಲದು. ಮಳೆಯು ಗಾಳಿಯನ್ನು ತೊಳೆಯುತ್ತದೆಂಬ ನಂಬಿಕೆ ಅರ್ಧ ಸತ್ಯ. ತೇವದಲ್ಲಿ ಪರಾಗದ ಕಣಗಳು ಒಡೆದು, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸೂಕ್ಷ್ಮವಾದ ತುಣುಕುಗಳಾಗುವುದುಂಟು. 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಗುಡುಗುಮಳೆಯ ಹಿಂದೆಯೇ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ಅಸುನೀಗಿದರು. ಅಲ್ಲಿ ಮುಖ್ಯ ಕಾರಣವಾದುದು ಹುಲ್ಲಿನ ಪರಾಗ.

ನಮ್ಮ ನಾಡಿನ ಸಂಗತಿಯೂ ಉಪೇಕ್ಷಿಸುವಂಥದಲ್ಲ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇಕಡಾ 29.5ಕ್ಕೆ ಏರಿತ್ತು.

ಹೊರಗಿನ ಹವೆಯನ್ನು ನಾವು ಆಳಲಾರೆವು. ಮನೆಯೊಳಗಿನದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಹಾಸಿಗೆ, ತಲೆದಿಂಬು, ಕೌದಿ, ಜಮಖಾನೆಗಳಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದ ಧೂಳುನುಸಿಗಳು ವಾಸಿಸುತ್ತವೆ. ಒಂದೊಂದೂ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅವುಗಳ ಆಹಾರ. ಅವು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಮೈಯಿಂದ ಹೀರಿ ಬದುಕುತ್ತವೆ. ಗಾಳಿಯ ಆರ್ದ್ರತೆ ಶೇಕಡಾ 70-80 ಇದ್ದಾಗ ಬಹಳವಾಗಿ ವೃದ್ಧಿಸುತ್ತವೆ. 50ಕ್ಕಿಂತ ಕೆಳಗೇ ಉಳಿದರೆ ವೃದ್ಧಿಯಾಗಲಾರವು. ನಮ್ಮ ಊರಿನ ಜಡಿಮಳೆ ಅವುಗಳಿಗೆ ಸುಗ್ಗಿಯ ಕಾಲ. ಉಬ್ಬಸವನ್ನು ಕೆರಳಿಸುವುದು ಅವುಗಳ ಮಲ ಮತ್ತು ಶರೀರದ ಕಣಗಳು. ಒದ್ದೆ ಗೋಡೆಯ ಬೂಷ್ಟು, ಅಟ್ಟದ ಹಳೆಯ ಗೋಣಿಚೀಲದ ಧೂಳು, ಜಿರಳೆಯ ಅವಶೇಷ ಇವೂ ಅದೇ ವರ್ಗಕ್ಕೆ ಸೇರಿದವು.

ಇಲ್ಲಿ ಧರ್ಮಸೂಕ್ಷ್ಮವೊಂದು ಏಳುತ್ತದೆ. ನುಸಿಯೂ ಜೀವವೇ ಅಲ್ಲವೆ? ಮೊಮ್ಮಗನ ಉಸಿರಿಗಾಗಿ ಅಸಂಖ್ಯ ಜೀವಗಳ ಘಾತ ಉಚಿತವೆ? ಈ ಪ್ರಶ್ನೆಯನ್ನು ನನ್ನ ಸೊಸೆಯೇ ಕೇಳಿದಳು. ಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದೆ. ಗುಡಿಸುವುದು, ಒಗೆಯುವುದು ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಗೃಹಸ್ಥನು ಅದರಿಂದ ಪೂರ್ಣವಾಗಿ ಪಾರಾಗಲಾರ, ಯತ್ನಾಚಾರದಿಂದ ತಗ್ಗಿಸಬಲ್ಲ. ಕೊಲ್ಲಬೇಕೆಂದೇ ವಿಷ ಸಿಂಪಡಿಸುವುದು ಬೇರೆ ಮಾತು. ಅದರಿಂದ ಪ್ರಯೋಜನವೂ ಅಲ್ಪ. ಸತ್ತ ನುಸಿಯ ಅವಶೇಷ ಹಾಸಿಗೆಯಲ್ಲೇ ಉಳಿದು ಉಬ್ಬಸವನ್ನು ಕೆರಳಿಸುತ್ತಲೇ ಇರುತ್ತದೆ, ವಿಷದ ವಾಸನೆಯೂ ರೋಗಿಗೆ ಒಗ್ಗದು.

ಹಾಗಾದರೆ ಉಪಾಯವೇನು? ಜೀವೋತ್ಪತ್ತಿಗೆ ಅವಕಾಶವಾಗದಂತೆ ಮೊದಲೇ ಎಚ್ಚರ ವಹಿಸುವುದು. ಬೇಳೆಕಾಳುಗಳನ್ನು ಮಳೆಗೆ ಮುಂಚೆ ಬಿಸಿಲಿಗೆ ಹಾಕಿ ಡಬ್ಬಿ ತುಂಬುವ ನಮ್ಮ ಹಿರಿಯ ತಾಯಂದಿರ ಪದ್ಧತಿ ಇದೇ ತತ್ತ್ವದ್ದು. ವೈಶಾಖ-ಜ್ಯೇಷ್ಠದ ಬಿಸಿಲಿನಲ್ಲಿ ಹಾಸಿಗೆ ಒಣಗಿಸುವುದು, ಹಾಸಿಗೆ-ದಿಂಬುಗಳಿಗೆ ಒತ್ತಾದ ನೇಯ್ಗೆಯ ಹೊದಿಕೆ ಹಾಕುವುದು, ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವದಿರುವುದು, ಸೋರುವ ಗೋಡೆಯನ್ನು ಮಳೆಗೆ ಮುನ್ನ ದುರಸ್ತಿ ಮಾಡಿಸುವುದು, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸುವುದು. ಇವೆಲ್ಲ ನಮ್ಮ ಮನೆಯಲ್ಲಿ ನಡೆದಿವೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿ ಹಿಂಸೆಯಿಲ್ಲವೆಂದು ನಾನು ವಾದಿಸಲಾರೆ. ಮೊದಲ ಕ್ರಮಗಳು ಸರಿಯಾದಷ್ಟೂ ಅದರ ಪ್ರಮಾಣ ತಗ್ಗುವುದೆಂಬುದು ಸೊಸೆಗೆ ನಾನಿತ್ತ ಉತ್ತರ.

ಎರಡನೆಯದು ಹೊಗೆ. ಮಳೆಗಾಲದಲ್ಲಿ ಕಿಟಕಿ ಮುಚ್ಚುತ್ತೇವೆ, ಒಳಗೆ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಸೊಳ್ಳೆಪರದೆ ಕಟ್ಟಿದರೆ ಸೊಳ್ಳೆಗೂ ಮಗುವಿಗೂ ಅಭಯ.

ಇನ್ನು ಬಸದಿಯ ವಿಚಾರ. ದಶಲಕ್ಷಣ ಪರ್ವವು ಭಾದ್ರಪದದ ಮಳೆಯಲ್ಲೇ ಬರುತ್ತದೆ. ಅದರ ನಡುವೆ ಶುಕ್ಲ ದಶಮಿಯಂದು ಸುಗಂಧ ದಶಮಿ. ಅಂದು ಧೂಪಾರ್ಪಣೆಗೆ ನೂರಾರು ಜನ ನೆರೆಯುತ್ತಾರೆ. ಮುಚ್ಚಿದ ಕಿಟಕಿ, ಒದ್ದೆ ಕೊಡೆ, ತೇವ ಹಿಡಿದ ಜಮಖಾನೆ, ಮೇಲೆ ದಟ್ಟ ಹೊಗೆ. ಎರಡು ವರ್ಷಗಳ ಹಿಂದೆ ಆ ದಿನ ಮೊಮ್ಮಗ ನನ್ನ ಕೈ ಹಿಡಿದು, "ಅಜ್ಜಾ, ನಾ ಹೊರಗ ನಿಂದರ್ಲೇನು?" ಎಂದು ಕೇಳಿದನು. ಹೊರಗೆ ಹೋಗಿ ನೋಡಿದರೆ ಜಗುಲಿಯ ಮೇಲೆ ಇಬ್ಬರು ವೃದ್ಧೆಯರು ಸೆರಗಿನಿಂದ ಮೂಗು ಮುಚ್ಚಿ ಮೊದಲೇ ಕುಳಿತಿದ್ದರು. ಪ್ರತಿವರ್ಷವೂ ಅವರು ಅಲ್ಲಿಯೇ ಕೂರುವರಂತೆ.

ವಿಷಯವನ್ನು ಟ್ರಸ್ಟಿನ ಸಭೆಯಲ್ಲಿ ಮಂಡಿಸಿದೆನು. ಹಿರಿಯ ವಿಶ್ವಸ್ತರೊಬ್ಬರು, "ಧೂಪ ಇಲ್ಲದ ಸುಗಂಧ ದಶಮಿ ಅಂದ್ರ ಏನ್ರಿ ಅಣ್ಣಾರ?" ಎಂದರು. ಅವರ ಮಾತಿನಲ್ಲಿ ಭಕ್ತಿಯಿತ್ತು, ಹಟವಿರಲಿಲ್ಲ. ಧೂಪವು ಅಷ್ಟಕರ್ಮಗಳ ದಹನದ ಸಂಕೇತ. ಸಂಕೇತಕ್ಕೆ ಒಂದು ಚಿಟಿಕೆ ಸಾಲದೆ ಎಂದು ವಿನಯಪೂರ್ವಕ ಕೇಳಿದೆನು. ಅಷ್ಟದ್ರವ್ಯಗಳಲ್ಲಿ ಪುಷ್ಪಕ್ಕೆ ಪ್ರತಿಯಾಗಿ ಕೇಸರಿ ಬಣ್ಣದ ಅಕ್ಕಿಯನ್ನೂ, ದೀಪಕ್ಕೆ ಪ್ರತಿಯಾಗಿ ಬಣ್ಣ ಕಟ್ಟಿದ ಕೊಬ್ಬರಿಯ ಚೂರನ್ನೂ ಅರ್ಪಿಸುವ ರೂಢಿ ದಿಗಂಬರ ತೇರಾಪಂಥದಲ್ಲಿ ಬಹುಕಾಲದಿಂದ ಇದೆ. ಜೀವದಯೆಯಿಂದ ವಿಧಿ ರೂಪಾಂತರ ಹೊಂದುವುದು ನಮ್ಮ ಪರಂಪರೆಗೆ ಹೊಸತಲ್ಲ. ದೀರ್ಘ ಚರ್ಚೆಯ ಬಳಿಕ ಧೂಪಘಟವನ್ನು ತೆರೆದ ಅಂಗಳಕ್ಕೆ ಸಾಗಿಸುವುದು, ಮನೆಗೊಂದು ಚಿಟಿಕೆ ಅರ್ಪಿಸುವುದು, ಒಳಗೆ ಜಮಖಾನೆಯ ಬದಲು ಚಾಪೆ ಹಾಸುವುದು ಎಂದು ನಿರ್ಣಯವಾಯಿತು. ಆ ಹಿರಿಯರಿಗೆ ಇಂದಿಗೂ ಪೂರ್ಣ ಸಮಾಧಾನವಿಲ್ಲ. ಆದರೂ ಮರುವರ್ಷ ಜಗುಲಿಯ ವೃದ್ಧೆಯರನ್ನು ಒಳಗೆ ಕರೆತಂದವರು ಅವರೇ.

ದೀಪಾವಳಿಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಭಗವಾನ್ ಮಹಾವೀರರ ನಿರ್ವಾಣದಿನ. ಚಳಿಯ ರಾತ್ರಿಗಳಲ್ಲಿ ನೆಲದ ಸಮೀಪದ ಗಾಳಿ ಮೇಲೇರದೆ ನಿಲ್ಲುವುದರಿಂದ ಪಟಾಕಿಯ ಹೊಗೆ ಬೆಳಗಿನವರೆಗೂ ಅಲ್ಲಿಯೇ ಉಳಿಯುತ್ತದೆ. ನಿರ್ವಾಣಲಾಡು ಅರ್ಪಿಸುವ ಕೈಗಳು ಪಟಾಕಿ ಹಚ್ಚದಿರುವುದೇ ಲೇಸು.

ಔಷಧದ ಬಗೆಗೆ ಒಂದು ಮಾತು. ಉಸಿರಿನ ಮೂಲಕ ಸೇದುವ ಔಷಧವು ಚಟವಾಗುತ್ತದೆಂಬ ಭಯ ನಮ್ಮ ಅನೇಕ ಮನೆಗಳಲ್ಲಿದೆ. ಅದು ಚಟವಾಗುವುದಿಲ್ಲ. ಉಪವಾಸದ ದಿನಗಳಲ್ಲಿ ಕೆಲವರು ಅದನ್ನೂ ಬಿಡುತ್ತಾರೆ. ಊದಿಕೊಂಡ ಶ್ವಾಸನಾಳವನ್ನು ಶಮನಗೊಳಿಸುವ ದಿನನಿತ್ಯದ ಔಷಧವನ್ನು ನಡುವೆ ನಿಲ್ಲಿಸಿದರೆ ಅಪಾಯ. ವ್ರತ ಕೈಗೊಳ್ಳುವ ಮುನ್ನ ವೈದ್ಯರೊಡನೆಯೂ ಗುರುಗಳೊಡನೆಯೂ ಮಾತನಾಡಿ, ಆ ಔಷಧಕ್ಕೆ ಅವಕಾಶವಿರಿಸಿಕೊಂಡೇ ಸಂಕಲ್ಪ ಮಾಡುವುದು ಯುಕ್ತ.

ಬಸದಿಗಳ ವಿಶ್ವಸ್ತರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಮುಂದಿನ ಪರ್ವಕ್ಕೆ ಮೊದಲು ನಿಮ್ಮ ಬಸದಿಯ ಕಿಟಕಿಗಳು ತೆರೆಯುತ್ತವೆಯೆ, ಗೋಡೆ ಒಣಗಿದೆಯೆ, ಹೊಗೆಗೆ ಹಾದಿಯಿದೆಯೆ ಎಂದು ಪರಿಶೀಲಿಸಿರಿ. ಪೂಜೆಯ ವೇಳೆಯಲ್ಲಿ ಜಗುಲಿಯ ಮೇಲೆ ಯಾರು ಕುಳಿತಿದ್ದಾರೆ, ಏಕೆ ಕುಳಿತಿದ್ದಾರೆ ಎಂಬುದನ್ನು ಒಮ್ಮೆ ಹೊರಬಂದು ಕೇಳಿರಿ.