ಹಿಂದಿನ ಸೀಟು

ಅಮ್ಮ ಹೋದ ಮೇಲೆ ಅಪ್ಪ ಗಾಡಿ ಓಡಿಸುವುದನ್ನು ಬಿಟ್ಟರು. ಅವರ 1999ರ ಎಸ್ಟೀಮ್ ಧಾರವಾಡದಿಂದ ಚೆನ್ನೈಗೆ ಬಂತು. "ಗುಜರಿಗೆ ಹಾಕೂದು ಯಾವಾಗ್ರೀ?" ಎಂದಳು ಹೆಂಡತಿ. ನನಗೋ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನ ಹುಚ್ಚು. ಡ್ರಿಫ್ಟಿಂಗ್ ಆಸೆ ಬೇಗ ಬಿಟ್ಟೆ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹಿಂಭಾಗ ಜಾರಿಸಲು ಹ್ಯಾಂಡ್‌ಬ್ರೇಕೇ ಗತಿ.

ಹುಡುಗರು ಮೊದಲು ಸೈಲೆನ್ಸರ್ ಬದಲಿಸುತ್ತಾರೆ. ನಾನು ಬ್ರೇಕಿನಿಂದ ಶುರುಮಾಡಿದೆ. ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಜೋರಾಗಿ ಒತ್ತಿದರೆ, ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಮಗಳು ಪೆಡಲ್ ಒತ್ತಿ ಹಿಡಿಯುವುದು, ನಾನು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಡುವುದು. ಎರಡು ಭಾನುವಾರ ಹೋದವು. ಆಫೀಸಿನ ಯಾವ ರಿಲೀಸನ್ನೂ ಇಷ್ಟು ಎಚ್ಚರದಿಂದ ಮಾಡಿಲ್ಲ.

ಆಮೇಲೆ ತೂಕ ಇಳಿಸಲು ಹಿಂದಿನ ಸೀಟು ಬಿಚ್ಚಿದೆ. ಅಡಿಯಲ್ಲಿ ಅಮ್ಮನ ಹೇರ್‌ಪಿನ್ನು, ಡಯಾಲಿಸಿಸ್ ಚೀಟಿ. ವಾರಕ್ಕೆರಡು ಸಲ ಅಪ್ಪ ಅವಳನ್ನು ಇದರ ಮೇಲೆ ಮಲಗಿಸಿ ಹುಬ್ಬಳ್ಳಿಗೆ ಕರೆದೊಯ್ಯುತ್ತಿದ್ದರು. ನಾನು ಇಲ್ಲಿಂದ ಫೋನ್ ಮಾಡುತ್ತಿದ್ದೆ.

ಅಪ್ಪನಿಗೆ ಹೇಳಿದೆ. "ತಗಿ ತಗಿ. ರೇಸಿನ್ಯಾಗ ಹಿಂದ ಯಾರ ಕುಂದರತಾರ? ಬ್ರೇಕ್ ಅಷ್ಟ ಛಲೋ ನೋಡ್ಕೋ."

ಟ್ರ್ಯಾಕಿಗೆ ಹೊರಟ ದಿನ ಸೀಟು ಮತ್ತೆ ಅದರ ಜಾಗದಲ್ಲಿತ್ತು. ಲ್ಯಾಪ್ ಟೈಮ್ ಮಾತ್ರ ಕೇಳಬೇಡಿ.